ಗಣಿತ ಬಾರದವರ ಭೌತಶಾಸ್ತ್ರ

ಪುಣೆಯ ಖಡಕಿಯಲ್ಲಿ ಒಂದು ಜೂನಿಯರ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದ ನಾನು, ಧಾರವಾಡದಲ್ಲಿ ಪಿಯುಸಿ ಓದುವಾಗ ಗಣಿತದಲ್ಲಿ ಒಮ್ಮೆ ನಪಾಸಾಗಿದ್ದೆ. ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಹೇಳಿದ ದಿನ ನನ್ನ ವೃತ್ತಿಯ ದಿಕ್ಕೇ ಬದಲಾಯಿತು.

ನಿವೃತ್ತಳಾಗಿ ಎರಡು ವರ್ಷವಾಗಿದೆ. ಹೋದ ತಿಂಗಳು ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಶಿಕ್ಷಕಿಯರು ಮನೆಗೆ ಬಂದಿದ್ದರು. ಅರ್ಧ ತರಗತಿಗೆ ಗಣಿತ ಬರುವುದಿಲ್ಲ, ನಾವು ಬೋರ್ಡಿನ ಮೇಲೆ ಬರೆದದ್ದು ಅವರಿಗೆ ಮುಟ್ಟುವುದಿಲ್ಲ, ನೀವು ಹೇಗೆ ನಿಭಾಯಿಸಿದಿರಿ ಎಂದು ಕೇಳಿದರು. ಚಹಾ ಮುಗಿಯುವಷ್ಟರಲ್ಲಿ ಹೇಳುವ ವಿಷಯ ಅದಾಗಿರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನಗಳ ಮಾತು ಇಲ್ಲಿಲ್ಲ. ನಾನು ಮಾಡಿದ ತಪ್ಪುಗಳು, ಅವುಗಳಿಂದ ನನ್ನನ್ನು ಹೊರಗೆ ತಂದವರು, ಮುಖ್ಯವಾಗಿ ಶರಣಮ್ಮ ಎಂಬ ವಿದ್ಯಾರ್ಥಿನಿ, ಇಷ್ಟೇ ಇದೆ.

ಮೊದಲ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಾನು ಎಂಎಸ್ಸಿ ಪಾಸಾದದ್ದು ಬಾಯಿಪಾಠದ ಬಲದಿಂದ. ಯಾವ ಡೆರಿವೇಶನ್ ಕೇಳಿದರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೆಯಬಲ್ಲವಳಾಗಿದ್ದೆ. ನಡುವೆ ಒಂದು ಸಾಲು ಮರೆತರೆ ಮಾತ್ರ ಮುಂದೆ ದಾರಿ ಕಾಣುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಮಸೂರದ ಸೂತ್ರ ಕಲಿಸುತ್ತಿದ್ದೆ. ಬೋರ್ಡು ತುಂಬ ಬರೆದು ಕೊನೆಗೆ ಬಂದರೆ ಉತ್ತರದಲ್ಲಿ ಋಣ ಚಿಹ್ನೆ ಇರಬೇಕಾದಲ್ಲಿ ಧನ ಚಿಹ್ನೆ ಇತ್ತು. ಎಲ್ಲಿ ತಪ್ಪಿದೆ ಎಂದು ಹುಡುಕಿದೆ, ಸಿಗಲಿಲ್ಲ. ಎರಡನೆಯ ಬೆಂಚಿನ ಒಬ್ಬ ವಿದ್ಯಾರ್ಥಿ ಎದ್ದು, "ಮ್ಯಾಡಮ್, ಪುಸ್ತಕದಲ್ಲಿ ಹೀಗಿಲ್ಲ" ಎಂದ. ನಾನು ತಿರುಗಿ, "ಗೊತ್ತಿದೆ. ತಪ್ಪು ಎಲ್ಲಿದೆ ಅಂತ ನೀವೇ ಹುಡುಕಿಕೊಂಡು ಬನ್ನಿ, ಇವತ್ತಿನ ಮನೆಗೆಲಸ ಅದೇ" ಎಂದುಬಿಟ್ಟೆ. ಗಂಟೆ ಹೊಡೆಯಿತು. ಬೋರ್ಡು ಒರೆಸುವುದನ್ನೂ ಮರೆತು ಹೊರಗೆ ಬಂದೆ.

ಆ ಬೋರ್ಡನ್ನು ನಮ್ಮ ವಿಭಾಗದ ಮುಖ್ಯಸ್ಥ ಪರಾಂಜಪೆ ಸರ್ ನೋಡಿದರು. ಅವರು ಬೈಯಲಿಲ್ಲ. ಮಧ್ಯಾಹ್ನ ನನ್ನನ್ನು ಪ್ರಯೋಗಾಲಯಕ್ಕೆ ಕರೆದು ಮೇಜಿನ ಮೇಲೆ ಒಂದು ಮಸೂರ, ಒಂದು ಮೇಣದಬತ್ತಿ, ಒಂದು ಬಿಳಿ ರಟ್ಟು ಇಟ್ಟರು. "ಬತ್ತಿಯನ್ನು ಮಸೂರದ ಹತ್ತಿರ ತಂದರೆ ಬಿಂಬ ಯಾವ ಕಡೆ ಸರಿಯುತ್ತದೆ? ಸೂತ್ರ ನೆನೆಯದೆ ಹೇಳಿ" ಎಂದು ಮರಾಠಿಯಲ್ಲಿ ಕೇಳಿದರು. ನಾನು ಹೇಳಿದ್ದು ತಪ್ಪಾಯಿತು. ಬತ್ತಿ ಸರಿಸಿ ನೋಡಿದೆ, ರಟ್ಟನ್ನು ದೂರ ಒಯ್ಯಬೇಕಾಯಿತು. ಅವರು, "ಮ್ಯಾಡಮ್, ನೀವು ಎಂಎಸ್ಸಿ ಮಾಡಿದ್ದೀರಿ. ಆದರೆ ಒಂದು ಮಸೂರದ ಜೊತೆ ಅರ್ಧ ಗಂಟೆ ಕೂತಿಲ್ಲ" ಎಂದರು.

ಮುಖ ಕೆಂಪಾಯಿತು. ಆದರೆ ಅವತ್ತು ಸಂಜೆಯವರೆಗೂ ಅಲ್ಲೇ ಕೂತೆ. ಬತ್ತಿಯನ್ನು ಹಿಂದೆ ಮುಂದೆ ಸರಿಸುತ್ತ ಹೋದಂತೆ ಬಿಂಬ ಎಲ್ಲಿ ದೊಡ್ಡದಾಗುತ್ತದೆ, ಎಲ್ಲಿ ರಟ್ಟಿನ ಮೇಲೆ ಹಿಡಿಯಲು ಸಿಗದೆ ಮಾಯವಾಗುತ್ತದೆ ಎಂಬುದೆಲ್ಲ ಕಣ್ಣಿಗೆ ಬಂತು. ಮಾರನೆಯ ದಿನ ಆ ಧನ ಚಿಹ್ನೆ ಎಲ್ಲಿ ನುಸುಳಿತ್ತು ಎಂದು ಒಂದೇ ನೋಟಕ್ಕೆ ಹೊಳೆಯಿತು. ಏನಾಗಬೇಕು ಎಂದು ಗೊತ್ತಿದ್ದವರಿಗೆ ಬರೆದದ್ದರಲ್ಲಿ ತಪ್ಪು ಕಾಣುತ್ತದೆ ಎಂಬುದನ್ನು ಆ ದಿನ ಕಲಿತೆ. ತರಗತಿಗೆ ಹೋಗಿ ಆ ವಿದ್ಯಾರ್ಥಿಗೆ, "ನಿನ್ನೆ ನನಗೂ ಗೊತ್ತಿರಲಿಲ್ಲ" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಧೈರ್ಯ ಬರಲು ಇನ್ನೂ ಬಹಳ ವರ್ಷ ಬೇಕಾಯಿತು.

ಕಲಿಸುವ ರೀತಿಯನ್ನಂತೂ ಬದಲಿಸಿಕೊಂಡೆ. ಮೊದಲು ಬೋರ್ಡಿನ ಮೇಲೆ ಚಿತ್ರ. ಆಮೇಲೆ, ಇದು ಹೆಚ್ಚಾದರೆ ಅದು ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಬಾಯಿಮಾತಿನಲ್ಲಿ ಚರ್ಚೆ. ಆಮೇಲೆ ಉತ್ತರ ಸುಮಾರು ಎಷ್ಟು ಬರಬಹುದು ಎಂಬ ಅಂದಾಜು. ಸೂತ್ರ ಕೊನೆಗೆ. ಪಾಠ ಮುಗಿಸಲು ಇತರರಿಗಿಂತ ಎರಡು ವಾರ ಹೆಚ್ಚು ಹಿಡಿಯುತ್ತಿತ್ತು, ಮೇಲಿನವರಿಂದ ಮಾತೂ ಕೇಳುತ್ತಿದ್ದೆ. ಪರಾಂಜಪೆ ಸರ್ ಇರುವವರೆಗೆ ನನ್ನನ್ನು ಕಾಪಾಡಿದರು.

ಆದರೂ ಒಂದು ಹಳೆಯ ನಂಬಿಕೆ ನನ್ನೊಳಗಿಂದ ಹೋಗಿರಲಿಲ್ಲ. ಗಣಿತದಲ್ಲಿ ತೀರ ಹಿಂದೆ ಬಿದ್ದವರು ವಿಜ್ಞಾನ ಬಿಡುವುದೇ ಒಳ್ಳೆಯದು ಎಂದು ನಾನೂ ನಂಬಿದ್ದೆ. ಹಾಗೆ ಹೇಳಿ ಇಬ್ಬರು ಮೂವರನ್ನು ಕಲಾ ವಿಭಾಗಕ್ಕೆ ಕಳಿಸಿದ್ದೂ ಉಂಟು. ಅವರ ಮುಖಗಳು ಈಗಲೂ ನೆನಪಿಗೆ ಬರುತ್ತವೆ. ನಾನು ಗಣಿತದಲ್ಲಿ ಎಡವಿದ್ದನ್ನು ಮುಚ್ಚಿಟ್ಟುಕೊಂಡೇ ಅವರನ್ನು ಕಳಿಸಿದ್ದೆ ಎಂಬುದು ಹೆಚ್ಚು ಚುಚ್ಚುತ್ತದೆ.

ಶರಣಮ್ಮ ಹನ್ನೊಂದನೆಯ ತರಗತಿಗೆ ಬಂದದ್ದು ನನ್ನ ಹದಿನೆಂಟನೆಯ ವರ್ಷದಲ್ಲಿ. ಯಾದಗಿರಿ ಕಡೆಯ ಕುಟುಂಬ. ತಂದೆ ಹಣಮಂತ ಗೋಡೆ ಕಟ್ಟುವ ಗೌಂಡಿ, ತಾಯಿ ನಿಂಗಮ್ಮ ಅದೇ ಕೆಲಸದಲ್ಲಿ ಇಟ್ಟಿಗೆ ಹೊರುವವಳು. ಪುಣೆಯ ಅಂಚಿನ ವಾಕಡದಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದ ಕಾಲ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇವರ ವಾಸ. ಹತ್ತನೆಯವರೆಗೆ ಆಕೆ ಮರಾಠಿ ಶಾಲೆಯಲ್ಲಿ ಓದಿದ್ದಳು. ನಮ್ಮಲ್ಲಿ ವಿಜ್ಞಾನ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಹಾಗಾಗಿ ಆಕೆ ಕನ್ನಡದವಳು ಎಂಬುದೇ ನನಗೆ ಮೂರು ತಿಂಗಳು ಗೊತ್ತಿರಲಿಲ್ಲ.

ಮೊದಲ ಅವಧಿಯ ಪರೀಕ್ಷೆಯಲ್ಲಿ ನಾನೊಂದು ಪ್ರಶ್ನೆ ಕೊಟ್ಟಿದ್ದೆ. ಮೇಲೆ ಒಂದು ರಾಟೆ. ಅದರ ಮೇಲೆ ಹಾಯ್ದ ಹಗ್ಗದ ಒಂದು ತುದಿಗೆ ಹಲಗೆ ಕಟ್ಟಿದೆ. ಹಲಗೆಯ ಮೇಲೆ ಒಬ್ಬ ಕೂತು ಹಗ್ಗದ ಇನ್ನೊಂದು ತುದಿಯನ್ನು ತಾನೇ ಹಿಡಿದು ತೂಗಾಡುತ್ತಿದ್ದಾನೆ. ಹಲಗೆಯೂ ಸೇರಿ ತೂಕ ಅರವತ್ತು ಕಿಲೋ. ಅವನ ಕೈ ಎಷ್ಟು ತೂಕ ಎಳೆಯಬೇಕು? ತರಗತಿಯಲ್ಲಿ ಎಲ್ಲರೂ ಸೂತ್ರ ಹಾಕಿ ಅರವತ್ತು ಎಂದು ಬರೆದಿದ್ದರು. ಸರಿಯುತ್ತರ ಮೂವತ್ತು. ಅದನ್ನು ಬರೆದವಳು ಶರಣಮ್ಮ ಒಬ್ಬಳೇ. ಒಂದು ಚಿತ್ರ, ಅದರ ಕೆಳಗೆ "ಅರ್ಧ" ಎಂಬ ಪದ. ಲೆಕ್ಕದ ಒಂದು ಸಾಲೂ ಇರಲಿಲ್ಲ. ಆಕೆಯ ಉಳಿದ ಉತ್ತರಗಳಲ್ಲಿ ಗುಣಾಕಾರ, ಭಾಗಾಕಾರ ಎಲ್ಲ ಕೆಟ್ಟಿತ್ತು. ನಾನು ಆ ಉತ್ತರಕ್ಕೆ ಸೊನ್ನೆ ಕೊಟ್ಟು, ಪಕ್ಕದಲ್ಲಿ ಕೆಂಪು ಪೆನ್ನಿನಿಂದ "ನಕಲು?" ಎಂದು ಬರೆದೆ.

ಉತ್ತರ ಪತ್ರಿಕೆ ಹಂಚಿದ ದಿನ, ಎಲ್ಲರೂ ಹೋದ ಮೇಲೆ ಆಕೆ ನನ್ನ ಮೇಜಿನ ಎದುರಿಗೆ ಬಂದು ನಿಂತಳು. ಮರಾಠಿಯಲ್ಲಿ ಏನೋ ಹೇಳಲು ಹೋಗಿ ತಡೆದಳು. ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿದಳೋ, ಫೋನಿನಲ್ಲಿ ನಾನು ಮಾತಾಡಿದ್ದನ್ನು ಕೇಳಿದ್ದಳೋ, ನೇರವಾಗಿ ಕನ್ನಡದಲ್ಲೇ ಕೇಳಿದಳು.

"ಮ್ಯಾಡಮ್, ನಾ ಯಾರದ್ ನೋಡಿ ಬರೀಲ್ರಿ? ಉಳದಾರದ್ದೆಲ್ಲ ಬ್ಯಾರೇನ ಉತ್ತರ ಅದ."

ಆಕೆ ಹೇಳಿದ್ದು ಸರಿಯಾಗಿತ್ತು.

"ಹಂಗಾರ ಅರ್ಧ ಅಂತ ಹ್ಯಾಂಗ ಬರದಿ?" ಎಂದೆ.

"ಬಣ್ಣ ಹಚ್ಚೋರು ಹಂಗ ಕೂತಿರತಾರಲ್ರಿ ಹಲಗಿ ಮ್ಯಾಲ. ತಮಗ ತಾವೇ ಮ್ಯಾಲ ಎಳಕೊಂತಾರ. ನಮ್ಮವ್ವ ಕೇಳ್ತಿದ್ಳು, ಅಷ್ಟ್ ದಪ್ಪ ಮನಷಾ ತನ್ನ ತಾ ಹ್ಯಾಂಗ ಎತ್ತಕೊಂತಾನಂತ. ನಾ ದಿನಾ ನೋಡಿ ನೋಡಿ ವಿಚಾರ ಮಾಡಿದೆ. ಹಗ್ಗ ಒಂದ ಇದ್ರೂ ಅವನ್ನ ಎರಡ್ ಕಡಿಂದ ಹಿಡದಿರತದ್ರಿ. ಹಲಗಿ ಕಡಿ ಒಂದು, ಕೈ ಕಡಿ ಒಂದು. ತೂಕ ಇಬ್ಬರಿಗೂ ಹಂಚಕೊಂತದ. ಅದಕ್ಕ ಅರ್ಧ."

ಪಠ್ಯಪುಸ್ತಕದಲ್ಲಿ ಅರ್ಧ ಪುಟ ಹಿಡಿಯುವ ವಿವರಣೆಯನ್ನು ಆಕೆ ಎರಡು ಮಾತಿನಲ್ಲಿ ಮುಗಿಸಿದ್ದಳು. ಆ ಪತ್ರಿಕೆಯನ್ನು ಇಸಿದುಕೊಂಡು "ನಕಲು" ಎಂಬುದನ್ನು ಹೊಡೆದುಹಾಕಿದೆ, ಪೂರ್ತಿ ಅಂಕ ಕೊಟ್ಟೆ, "ನನ್ನದು ತಪ್ಪಾತವಾ" ಎಂದೆ. ವಿದ್ಯಾರ್ಥಿಯ ಎದುರು ಆ ಮಾತು ಆಡಿದ್ದು ಅದೇ ಮೊದಲು. ಆಕೆ ತಲೆಯಾಡಿಸಿ ಪತ್ರಿಕೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು, ಅಷ್ಟೇ.

ಆದರೆ ಅದೇ ವಾರ ಗಣಿತದ ಅಂಕ ಬಂತು. ಐವತ್ತಕ್ಕೆ ಆರು.

ಉಪಪ್ರಾಚಾರ್ಯರು ನನ್ನನ್ನು ಕರೆಸಿದರು. ಕಟ್ಟುನಿಟ್ಟಿನ ಮನುಷ್ಯ, ಕೆಟ್ಟವರಲ್ಲ. ಕಾಲೇಜಿನ ಫಲಿತಾಂಶ ಬೀಳಬಾರದು ಎಂಬುದೊಂದೇ ಅವರ ಚಿಂತೆ. ಪರಾಂಜಪೆ ಸರ್ ಆಗಲೇ ನಿವೃತ್ತರಾಗಿದ್ದರು, ನನ್ನ ಪರ ಮಾತಾಡಲು ಯಾರೂ ಇರಲಿಲ್ಲ. ಮಾತು ಮರಾಠಿಯಲ್ಲಿ ನಡೆಯಿತು.

"ಹಿರೇಮಠ ಮ್ಯಾಡಮ್, ಈ ಹುಡುಗಿಯನ್ನು ಕಲಾ ವಿಭಾಗಕ್ಕೆ ಕಳಿಸೋಣ. ತಂದೆ ತಾಯಿಯನ್ನು ಕರೆಸಿ ನೀವೇ ತಿಳಿಸಿ ಹೇಳಿ. ನಿಮ್ಮ ಭಾಷೆಯವರು."

"ಭೌತಶಾಸ್ತ್ರ ಆಕೆಗೆ ಚೆನ್ನಾಗಿ ಬರುತ್ತದೆ ಸರ್."

"ಗಣಿತದಲ್ಲಿ ಆರು ತೆಗೆದವಳಿಗೆ ಭೌತಶಾಸ್ತ್ರ ಹೇಗೆ ಬರುತ್ತದೆ? ನೀವೇ ಹೇಳಿ, ಗಣಿತ ಬರದೆ ನೀವು ಇಲ್ಲಿಗೆ ಬಂದಿರಾ?"

ಅವರು ಅದನ್ನು ಪ್ರಶ್ನೆಯಾಗಿ ಕೇಳಿರಲಿಲ್ಲ. ಆದರೆ ನನ್ನ ಬಾಯಿಂದ ಉತ್ತರ ಬಂದುಬಿಟ್ಟಿತು.

"ಹೌದು ಸರ್. ಪಿಯುಸಿ ಗಣಿತದಲ್ಲಿ ನಾನು ನಪಾಸಾಗಿದ್ದೆ. ಎರಡನೆಯ ಸಲ ಪಾಸಾದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನು ಈ ಮಾತು ಸ್ಟಾಫ್ ರೂಮಿನಲ್ಲೆಲ್ಲ ಹರಡುತ್ತದೆ ಎಂದುಕೊಂಡೆ. ಅದೇ ಹೊತ್ತಿಗೆ ಹದಿನೆಂಟು ವರ್ಷದ ಭಾರ ಇಳಿದಂತೆಯೂ ಆಯಿತು. ಕೊನೆಗೆ ಅವರು ಹೇಳಿದರು: "ವರ್ಷದ ಕೊನೆಯವರೆಗೆ ನೋಡುತ್ತೇನೆ. ಭೌತಶಾಸ್ತ್ರದಲ್ಲಿ ಅರವತ್ತು ಬರಬೇಕು, ಗಣಿತ ಪಾಸಾಗಬೇಕು. ಇಲ್ಲದಿದ್ದರೆ ನೀವು ಮತ್ತೆ ಈ ಕೋಣೆಗೆ ಬರಬೇಡಿ."

ಮುಂದಿನ ಶನಿವಾರದಿಂದ ಶರಣಮ್ಮ ಪ್ರಾಕ್ಟಿಕಲ್ ಮುಗಿದ ಮೇಲೆ ಒಂದೂವರೆ ಗಂಟೆ ನನ್ನ ಜೊತೆ ಕೂರತೊಡಗಿದಳು.

ಹೊಸ ಶಿಕ್ಷಕರು ಇಲ್ಲಿ ಗಮನ ಕೊಡಬೇಕು. ನಾನು ಆಕೆಗೆ ಗಣಿತವನ್ನೆಲ್ಲ ಕಲಿಸಲು ಹೋಗಲಿಲ್ಲ, ನನ್ನಿಂದ ಆಗುತ್ತಲೂ ಇರಲಿಲ್ಲ. ಭೌತಶಾಸ್ತ್ರಕ್ಕೆ ದಿನಬೆಳಗಾದರೆ ಬೇಕಾಗುವ ಗಣಿತ ಬಹಳ ಕಡಿಮೆ. ಪ್ರಮಾಣ, ಹತ್ತರ ಘಾತಗಳು, ಸಮೀಕರಣದಲ್ಲಿ ಒಂದನ್ನು ಈ ಕಡೆಯಿಂದ ಆ ಕಡೆಗೆ ಒಯ್ಯುವುದು, ತ್ರಿಕೋನದ ಒಂದೆರಡು ಸಂಗತಿ, ಗ್ರಾಫಿನ ಗೆರೆಯ ಇಳಿಜಾರು. ಇದರಲ್ಲಿ ಆಕೆ ಎಡವುತ್ತಿದ್ದದ್ದು ಸಮೀಕರಣ ತಿರುಗಿಸುವಲ್ಲಿ. ರೋಧ ಕಂಡುಹಿಡಿಯಲು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಬೇಕು, ಆಕೆ ಪ್ರತಿಸಲ ತಲೆಕೆಳಗು ಬರೆಯುತ್ತಿದ್ದಳು. ನಾಲ್ಕು ವಾರ ನಿಯಮ ಹೇಳಿದೆ, ನಿಲ್ಲಲಿಲ್ಲ. ಐದನೆಯ ವಾರ ನನಗೇ ಬುದ್ಧಿ ಬಂತು.

"ನಿಯಮ ಬಿಡು. ನೂಕು ಅಷ್ಟೇ ಇದ್ದು, ಕರೆಂಟ್ ಹೆಚ್ಚು ಹರೀತು ಅಂದ್ರ ಅಡ್ಡಿ ಹೆಚ್ಚದನೋ ಕಡಿಮಿ ಅದನೋ?"

"ಕಡಿಮಿ ಅದ್ರಿ."

"ಕರೆಂಟ್ ದೊಡ್ಡದಾದಷ್ಟು ಉತ್ತರ ಸಣ್ಣದಾಗಬೇಕು. ಹಂಗಾರ ಕರೆಂಟ್ ಮ್ಯಾಲ ಬರೀತಿಯೋ ಕೆಳಗ ಬರೀತಿಯೋ?"

ಆಕೆ ಕೆಳಗೆ ಬರೆದಳು. ಆಮೇಲೆ ಹಾಳೆಯನ್ನೇ ನೋಡುತ್ತ, "ಇದನ್ನ ಮೊದಲ ಯಾಕ ಹೇಳಲಿಲ್ರಿ?" ಎಂದಳು. ದೂರಲ್ಲ ಅದು, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ಗಣಿತದಿಂದ ಭೌತಶಾಸ್ತ್ರಕ್ಕೆ ಹೋಗಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ಆಕೆ ಭೌತಶಾಸ್ತ್ರದಿಂದ ಗಣಿತಕ್ಕೆ ಬಂದಳು.

ನಮ್ಮ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ ಪುಸ್ತಕ ನೋಡಿ ಲೆಕ್ಕ ಮಾಡಬೇಕು. ಸಣ್ಣ ಅಂಕಿಗಳ ಆ ಸಾಲುಗಳಲ್ಲಿ ಆಕೆಯ ಕಣ್ಣು ದಾರಿ ತಪ್ಪುತ್ತಿತ್ತು. ಟೇಬಲ್ ತೆರೆಯುವ ಮೊದಲು ಉತ್ತರ ಸುಮಾರು ಎಷ್ಟು ಎಂದು ಬರೆದಿಡುವ ಅಭ್ಯಾಸ ಮಾಡಿಸಿದೆ. ಅದು ಫಲ ಕೊಟ್ಟಿತು. ಒಮ್ಮೆ ಬಸ್ಸಿನ ತೂಕ ನಾಲ್ಕು ಗ್ರಾಂ ಎಂದು ಬಂದಾಗ ನನಗೆ ತೋರಿಸುವ ಮೊದಲೇ ಹೊಡೆದುಹಾಕಿ, "ಇಷ್ಟ್ ಹಗರ ಇದ್ರ ವಾಕಡದಿಂದ ನಾನೇ ಎತ್ತಕೊಂಡ್ ಬರತಿದ್ದೆ" ಎಂದು ನಕ್ಕಳು. ತರಗತಿಯಲ್ಲಿ ತೊಂಬತ್ತು ತೆಗೆಯುವವರು ಅಂಥ ಉತ್ತರದ ಕೆಳಗೆ ಎರಡು ಗೆರೆ ಎಳೆದು ಕೊಟ್ಟುಹೋಗುತ್ತಿದ್ದರು.

ಎಲ್ಲ ಸರಿಯಾಗುತ್ತಿದೆ ಎನ್ನುವಾಗ ಜನವರಿಯಲ್ಲಿ ಆಕೆ ಬರುವುದು ನಿಂತಿತು. ಎರಡು ವಾರ ಕಾದೆ. ವಾಕಡಕ್ಕೆ ಹೋಗಿ ನೋಡಿದರೆ ಶೆಡ್ಡು ಖಾಲಿ. ಪಕ್ಕದ ಶೆಡ್ಡಿನಲ್ಲಿ ಆಕೆಯ ಚಿಗವ್ವ, ಅಂದರೆ ಚಿಕ್ಕಮ್ಮ, ಇದ್ದಳು. ಇಂದಾಪುರದ ಹತ್ತಿರ ಹೊಸ ಕೆಲಸ ಸಿಕ್ಕಿ ಇವರೆಲ್ಲ ಅಲ್ಲಿಗೆ ಹೋಗಿದ್ದಾರೆ ಎಂದಳು. ಮುಂದಿನ ಭಾನುವಾರ ಬೆಳಿಗ್ಗೆ ಎಸ್‌ಟಿ ಬಸ್ ಹತ್ತಿದೆ. ಉದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಮುಟ್ಟುವಷ್ಟರಲ್ಲಿ ಮಧ್ಯಾಹ್ನ.

ಶರಣಮ್ಮ ಮರಳು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ನೋಡಿ ಜರಡಿ ಕೆಳಗಿಟ್ಟಳು, ಹತ್ತಿರ ಬರಲಿಲ್ಲ. ನಿಂಗಮ್ಮ ಗೋಣಿಚೀಲ ಹಾಸಿ ಕೂರಿಸಿದಳು.

"ತಪ್ ತಿಳಕೊಬ್ಯಾಡ್ರಿ ಅಕ್ಕೋರ" ಎಂದಳು. "ಈಕಿಗಿ ಲೆಕ್ಕ ಬರಲ್ಲಂತ ಎಲ್ಲಾರೂ ಅಂತಾರ. ಈಕಿನೂ ಅಂತಾಳ. ಬರಲಾರದ್ದರ ಹಿಂದ ಬಿದ್ದು ಸಣ್ಣಕ್ಕಾಗ್ಯಾಳ. ಯಾಕ ಬೇಕ್ರಿ?"

"ಲೆಕ್ಕ ನಿಧಾನ ಬರತದ. ನನಗೂ ನಿಧಾನ ಬಂತು" ಎಂದೆ. "ಆದ್ರ ಈಕಿಗಿ ತಿಳಿಯೂದು ನನ್ನ ಕ್ಲಾಸಿನ್ಯಾಗ ಬ್ಯಾರೆ ಯಾರಿಗೂ ತಿಳಿಯಂಗಿಲ್ಲ. ಅದನ್ನ ಹೇಳಾಕ ಬಂದೀನಿ. ಒಂದು ವರ್ಷ ಕೊಡ್ರಿ."

ಹಣಮಂತ ದೂರದಲ್ಲಿ ಗೋಡೆಗೆ ತೂಗುಗುಂಡು ಬಿಟ್ಟು ನೋಡುತ್ತಿದ್ದವನು ಕೈ ತೊಳೆದುಕೊಂಡು ಬಂದ. "ನಾ ಸಾಲಿ ಕಲ್ತಿಲ್ರಿ. ಆದ್ರ ನಾ ಕಟ್ಟಿದ ಗ್ವಾಡಿ ಡೊಂಕಾಗಲ್ಲ. ಈಕಿಗಿ ಅದು ತಿಳೀತದ, ಸಣ್ಣಾಕಿ ಇದ್ದಾಗಿಂದ ನೋಡೀನಿ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಚಿಗವ್ವನ ಮನ್ಯಾಗ ಇರ್ಲಿ ಬಿಡು" ಎಂದ. ನಿಂಗಮ್ಮ ಮಗಳ ಕಡೆ ತಿರುಗಿದಳು. "ಹೋಗ್ತಿ ಏನ?" ಎಂದಳು. ಶರಣಮ್ಮ ಆಗಲೇ ಒಳಗೆ ಹೋಗಿ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅದೇ ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತು ಪುಣೆಗೆ ಬಂದಳು.

ವರ್ಷದ ಕೊನೆಗೆ ಭೌತಶಾಸ್ತ್ರದಲ್ಲಿ ಅರವತ್ತನಾಲ್ಕು. ಗಣಿತದಲ್ಲಿ ಕೃಪಾಂಕ ಸೇರಿ ಪಾಸು. ನಾನು ಉಪಪ್ರಾಚಾರ್ಯರ ಕೋಣೆಗೆ ಹೋಗಿ ಏನೂ ಹೇಳದೆ ಅಂಕಪಟ್ಟಿ ಮೇಜಿನ ಮೇಲಿಟ್ಟು ಬಂದೆ.

ಹನ್ನೆರಡನೆಯ ತರಗತಿಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಡೆದದ್ದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬೇರೆ ಕಾಲೇಜಿನಿಂದ ಒಬ್ಬ ಹಿರಿಯರು ಪರೀಕ್ಷಕರಾಗಿ ಬಂದಿದ್ದರು. ಶರಣಮ್ಮನಿಗೆ ಬಂದದ್ದು ಸ್ಪ್ರಿಂಗಿನ ಪ್ರಯೋಗ. ಸ್ಪ್ರಿಂಗಿಗೆ ಒಂದೊಂದೇ ತೂಕ ನೇತುಹಾಕಿ, ಅದು ಮೇಲೆ ಕೆಳಗೆ ತೂಗುವ ಸಮಯ ಅಳೆದು, ಸಮಯದ ವರ್ಗವನ್ನು ತೂಕದ ಎದುರು ಗ್ರಾಫಿನಲ್ಲಿ ಗುರುತಿಸಬೇಕು. ಪುಸ್ತಕದ ಪ್ರಕಾರ ಆ ಗೆರೆ ನೇರವಾಗಿ ಸೊನ್ನೆಯ ಮೂಲಕ ಹಾಯಬೇಕು. ಎಷ್ಟೋ ವರ್ಷಗಳಿಂದ ಮಕ್ಕಳು ಅಳತೆಗಳನ್ನು ಅಷ್ಟಿಷ್ಟು ತಿದ್ದಿ ಗೆರೆಯನ್ನು ಸೊನ್ನೆಗೆ ಮುಟ್ಟಿಸುತ್ತ ಬಂದಿದ್ದರು. ನಮಗೆ ಗೊತ್ತಿತ್ತು, ನಾವು ಸುಮ್ಮನಿದ್ದೆವು.

ಶರಣಮ್ಮನ ಗೆರೆ ಸೊನ್ನೆಯನ್ನು ಬಿಟ್ಟು ಪಕ್ಕಕ್ಕೆ ಹಾಯ್ದಿತ್ತು. ಪರೀಕ್ಷಕರು ಗ್ರಾಫ್ ಎತ್ತಿಕೊಂಡು, "ಇದು ತಪ್ಪು. ಎಣಿಸುವಾಗ ಗಮನವಿರಲಿಲ್ಲ ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು. ನಾನು ಎರಡು ಮೇಜು ಆಚೆ ನಿಂತಿದ್ದೆ, ನಡುವೆ ಬಾಯಿ ಹಾಕುವಂತಿರಲಿಲ್ಲ. ಎರಡು ವರ್ಷದ ಕೆಲಸ ಇಲ್ಲಿಗೆ ಬಂದು ನಿಂತಿತೇ ಎನಿಸಿತು.

"ಮೂರು ಸಲ ಎಣಿಸಿದೆ ಸರ್" ಎಂದಳು ಶರಣಮ್ಮ, ಮರಾಠಿಯಲ್ಲೇ. "ಗೆರೆ ಸರಿಯಾಗಿದೆ. ಸೊನ್ನೆಗೆ ಹೋಗಬಾರದು."

"ಯಾಕೆ ಹೋಗಬಾರದು? ತೂಕ ಇಲ್ಲದಿದ್ದರೆ ಸಮಯವೂ ಇಲ್ಲ."

ಆಕೆ ಸ್ಪ್ರಿಂಗಿನಿಂದ ತೂಕಗಳನ್ನೆಲ್ಲ ತೆಗೆದಳು. ಬರಿಯ ಸ್ಪ್ರಿಂಗಿನ ಕೆಳ ತುದಿಯನ್ನು ಬೆರಳಿಂದ ಎಳೆದು ಬಿಟ್ಟಳು. ಅದು ಬುಳುಬುಳು ಕುಣಿಯತೊಡಗಿತು.

"ತೂಕ ಇಲ್ಲ ಸರ್. ಆದರೂ ತೂಗುತ್ತಿದೆ. ಸ್ಪ್ರಿಂಗಿಗೂ ತನ್ನದೇ ತೂಕ ಇದೆಯಲ್ಲ."

ಪರೀಕ್ಷಕರು ಕುಣಿಯುವ ಸ್ಪ್ರಿಂಗನ್ನು ನೋಡುತ್ತ ನಿಂತರು. ಆಮೇಲೆ, "ಸರಿ, ಎಷ್ಟು ತೂಕ ಲೆಕ್ಕಕ್ಕೆ ಬರುತ್ತದೆ? ಸೂತ್ರ ಬರೆದು ತೋರಿಸು" ಎಂದರು.

"ಸೂತ್ರ ಬರೆಯಲು ನನಗೆ ಬರುವುದಿಲ್ಲ ಸರ್. ಗ್ರಾಫಿನಲ್ಲಿ ತೋರಿಸುತ್ತೇನೆ." ಅಳತೆಪಟ್ಟಿ ಇಟ್ಟು ಗೆರೆಯನ್ನು ಹಿಂದಕ್ಕೆ ಎಳೆದಳು. ಅದು ಸೊನ್ನೆಯ ಹಿಂದೆ ಇಪ್ಪತ್ತು ಗ್ರಾಂ ಇರುವಲ್ಲಿ ಅಡ್ಡಗೆರೆಯನ್ನು ಮುಟ್ಟಿತು. ಸ್ಪ್ರಿಂಗನ್ನು ತಕ್ಕಡಿಗೆ ಹಾಕಿದಳು. ಅರವತ್ತು ಗ್ರಾಂ. "ಮೂರರಲ್ಲಿ ಒಂದು ಪಾಲು ಬರುತ್ತದೆ. ಪೂರಾ ಯಾಕೆ ಬರುವುದಿಲ್ಲ ಎಂದರೆ ಮೇಲಿನ ತುದಿ ಮೊಳೆಗೆ ಸಿಕ್ಕಿಕೊಂಡು ನಿಂತೇ ಇರುತ್ತದೆ. ಕೆಳಗಿನ ತುದಿ ಪೂರ್ತಿ ಓಡುತ್ತದೆ. ನಡುವಿನದು ಅರ್ಧಂಬರ್ಧ ಓಡುತ್ತದೆ. ಎಲ್ಲ ಕಡೆ ಒಂದೇ ಸಮ ಓಡದಿದ್ದರೆ ಪೂರಾ ತೂಕ ಹೇಗೆ ಲೆಕ್ಕಕ್ಕೆ ಬಂದೀತು?"

ಪದವಿ ತರಗತಿಗಳಲ್ಲಿ ಅದೇ ಮೂರನೆಯ ಒಂದು ಪಾಲನ್ನು ಒಂದು ಪುಟ ಗಣಿತ ಮಾಡಿ ತೆಗೆಯುತ್ತಾರೆ. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು. ಅದು ಯಾಕೆ ಹಾಗೆ ಎಂಬುದು ಆ ದಿನ, ಪ್ರಯೋಗಾಲಯದಲ್ಲಿ ಎರಡು ಮೇಜು ಆಚೆ ನಿಂತು ತಿಳಿಯಿತು.

ಪರೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದು ಸಲ ತೋರಿಸು" ಎಂದರು, ಈ ಸಲ ದನಿಯೇ ಬೇರೆ ಇತ್ತು. ಆಮೇಲೆ ಉಳಿದ ಮಕ್ಕಳನ್ನು ಕರೆದು ನಿಲ್ಲಿಸಿಕೊಂಡು ಅವರೆದುರು ಮೂರನೆಯ ಸಲ ತೋರಿಸಲು ಹೇಳಿದರು. ಹೋಗುವಾಗ ನನ್ನ ಬಳಿ ಬಂದು, "ಇಪ್ಪತ್ತು ವರ್ಷದಿಂದ ಸೊನ್ನೆಗೆ ಮುಟ್ಟಿಸಿದ ಗ್ರಾಫಿಗೇ ಅಂಕ ಕೊಡುತ್ತ ಬಂದೆ ಮ್ಯಾಡಮ್" ಎಂದರು. ಮೂವತ್ತಕ್ಕೆ ಮೂವತ್ತು ಕೊಟ್ಟು ಹೋದರು.

ಫಲಿತಾಂಶದ ದಿನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ನಾನೂ ಶರಣಮ್ಮನೂ ನಿಂತಿದ್ದೆವು. ಪುಟ ತೆರೆಯಲು ಹತ್ತು ನಿಮಿಷ ಹಿಡಿಯಿತು. ಮೊದಲು ಆಕೆಯ ಕಣ್ಣು ಹೋದದ್ದು ಗಣಿತದ ಕಡೆ. ನಲವತ್ತೊಂದು, ಯಾರ ಕೃಪಾಂಕವೂ ಇಲ್ಲದೆ. ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಭೌತಶಾಸ್ತ್ರದ ಅಂಕವನ್ನು ನಾನೇ ಓದಿ ಹೇಳಬೇಕಾಯಿತು. ತೊಂಬತ್ತೊಂದು. ಕಾಲೇಜಿಗೇ ಮೊದಲನೆಯದು. ತಾಯಿಗೆ ಫೋನ್ ಮಾಡಿದಳು. "ಪಾಸಾದೆನವ್ವಾ, ಎಲ್ಲಾದ್ರಾಗ" ಎಂದಷ್ಟೇ ಹೇಳಿ ಫೋನು ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ನಿಂಗಮ್ಮ, "ಅಕ್ಕೋರ, ಲೆಕ್ಕದಾಗೂ ಏನ್ರಿ?" ಎಂದು ಕೇಳಿದಳು. "ಲೆಕ್ಕದಾಗೂ" ಎಂದೆ.

ಉಪಪ್ರಾಚಾರ್ಯರು ಸ್ಟಾಫ್ ರೂಮಿಗೆ ಬಂದರು, ಅವರು ಅಲ್ಲಿಗೆ ಬರುವುದೇ ಅಪರೂಪ. ಎಲ್ಲರ ಎದುರಿಗೆ, "ಹಿರೇಮಠ ಮ್ಯಾಡಮ್, ಜೂನ್‌ನಿಂದ ಶನಿವಾರದ ಕ್ಲಾಸನ್ನು ವೇಳಾಪಟ್ಟಿಯಲ್ಲೇ ಹಾಕುತ್ತೇನೆ. ಗಣಿತದಲ್ಲಿ ಹಿಂದಿರುವವರು ಎಷ್ಟು ಮಂದಿ ಬಂದರೂ ಸೇರಿಸಿಕೊಳ್ಳಿ" ಎಂದರು. ಮೊದಲ ಶನಿವಾರ ಇಪ್ಪತ್ತಾರು ಮಂದಿ ಬಂದರು. ನಾನು ಶುರು ಮಾಡಿದ್ದೇ, ಪಿಯುಸಿಯಲ್ಲಿ ನಪಾಸಾದ ಕಥೆಯಿಂದ. ನಿವೃತ್ತಳಾಗುವವರೆಗೆ ಹನ್ನೆರಡು ವರ್ಷ ಆ ತರಗತಿ ನಡೆಯಿತು. ಎಲ್ಲರೂ ಶರಣಮ್ಮನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ಆ ಹನ್ನೆರಡು ವರ್ಷದಲ್ಲಿ ಗಣಿತದ ಕಾರಣಕ್ಕೆ ನಾನು ಒಬ್ಬರನ್ನೂ ವಿಜ್ಞಾನದಿಂದ ಕಳಿಸಲಿಲ್ಲ.

ಈಗ ನಿಮ್ಮ ಕೈಯಲ್ಲಿ ಮೊಬೈಲಿದೆ, ಪರದೆಯ ಮೇಲೆ ಸ್ಪ್ರಿಂಗು ಕುಣಿಸುವ ಆ್ಯಪ್‌ಗಳಿವೆ. ಬಳಸಿ, ತಪ್ಪೇನಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಸ್ಪ್ರಿಂಗಿಗೆ ತೂಕವೇ ಇಲ್ಲ ಎಂದುಕೊಂಡು ಮಾಡಿದವು. ನಿಜವಾದ ಸ್ಪ್ರಿಂಗನ್ನೂ ಒಂದು ಸಲ ಮಕ್ಕಳ ಕೈಗೆ ಕೊಡಿ. ಲೆಕ್ಕ ತಪ್ಪಿದ ಪತ್ರಿಕೆಯಲ್ಲಿ ಚಿತ್ರವೇನಾದರೂ ಇದ್ದರೆ, ಕೆಂಪು ಪೆನ್ನು ಎತ್ತುವ ಮೊದಲು ಆ ಮಗುವನ್ನು ಕರೆದು ಕೇಳಿ.

ಶರಣಮ್ಮ ಬಿಎಸ್ಸಿ ಮುಗಿಸಿ ಕಾರ್ಖಾನೆಗಳ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವ ಒಂದು ಪ್ರಯೋಗಾಲಯಕ್ಕೆ ಸೇರಿದಳು. ಈಗ ಅಲ್ಲಿಯ ಒಂದು ವಿಭಾಗ ಆಕೆಯ ಕೈಯಲ್ಲಿದೆ. ಕೆಲವು ತಿಂಗಳ ಹಿಂದೆ, "ನನ್ನ ಕೆಲಸ ನೋಡಾಕ ಬರ್ರಿ ಮ್ಯಾಡಮ್" ಎಂದು ಕರೆದುಕೊಂಡು ಹೋದಳು. ನಾನು ಹೋದಾಗ ಒಂದು ಕಾರ್ಖಾನೆಯ ಮೇಲ್ವಿಚಾರಕರು ಬಂದು ಜಗಳಕ್ಕೆ ನಿಂತಿದ್ದರು. ಒತ್ತಡ ಅಳೆಯುವ ಅವರ ಹೊಸ ಗೇಜನ್ನು ಈಕೆ ಸರಿಯಿಲ್ಲ ಎಂದು ವಾಪಸು ಕಳಿಸಿದ್ದಳು. ಗೇಜು ಹೊಸದು, ನಿಮ್ಮ ಲೆಕ್ಕವೇ ತಪ್ಪಿರಬೇಕು ಎಂದು ಅವರ ವಾದ.

ಶರಣಮ್ಮ ದನಿ ಏರಿಸಲಿಲ್ಲ. ಗೇಜನ್ನು ಯಂತ್ರಕ್ಕೆ ಜೋಡಿಸಿ ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಒತ್ತಡ ಏರಿಸುತ್ತ ಹೋದಳು, ಮತ್ತೆ ಇಳಿಸುತ್ತ ಬಂದಳು. ಏರುವಾಗ ಸರಿಯಾಗಿದ್ದ ಮುಳ್ಳು ಇಳಿಯುವಾಗ ಪ್ರತಿಸಲ ಒಂದೇ ಜಾಗದಲ್ಲಿ ಹಿಂದೆ ಉಳಿಯುತ್ತಿತ್ತು. ಮೂರು ಸಲ ತೋರಿಸಿದಳು. ಮೂರನೆಯ ಸಲಕ್ಕೆ ಆ ಮನುಷ್ಯ ಗೇಜಿನ ಹತ್ತಿರ ಬಗ್ಗಿ ನೋಡಿ, ಒಪ್ಪಿ ತಲೆಯಾಡಿಸಿದರು. ಬಾಯ್ಲರಿಗೆ ಹಾಕಬೇಕಾಗಿದ್ದ ಗೇಜಂತೆ ಅದು. ನಾನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ.

ಅವರು ಗೇಜನ್ನು ಡಬ್ಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವರು ನಿಂತು ತಿರುಗಿದರು. "ಮ್ಯಾಡಮ್, ಒಂದು ಕೇಳಬೇಕಿತ್ತು" ಎಂದರು.

ಮೂವತ್ತೊಂದು ವರ್ಷದ ರೂಢಿ. ನಾನು ಕುರ್ಚಿಯಿಂದ ಅರ್ಧ ಎದ್ದು, "ಕೇಳಿ" ಎಂದುಬಿಟ್ಟೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಯಂತ್ರದ ಬಳಿ ನಿಂತಿದ್ದ ಶರಣಮ್ಮ ಕೈ ಒರೆಸಿಕೊಂಡು ಅವರ ಹತ್ತಿರ ಹೋದಳು, ಅವರು ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಹೇಳತೊಡಗಿದಳು. ನಾನು ಮತ್ತೆ ಕುರ್ಚಿಗೆ ಒರಗಿ ಕೂತು ಕೇಳಿಸಿಕೊಂಡೆ.